ಒಂದು ಉಸಿರಿನಷ್ಟು ತಡ

"ಬುದ್ಧಿ, ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳದವರನ್ನು ಏನು ಮಾಡಬೇಕು?" ಎಂದು ಗುರುಗಳನ್ನು ಮಹಾಂತ ಕೇಳಿದ. ಮಠದಲ್ಲಿ ಬೆಳಗಿನ ಪ್ರಾರ್ಥನೆ ನಡೆಸುವ ಕೆಲಸ ಅವನದು. "ಆ ಈರಣ್ಣ ಪ್ರತಿ ಸಾಲಿನ ಕೊನೆಯನ್ನೂ ಎಳೆಯುತ್ತಾನೆ. ನಾವೆಲ್ಲ ಮುಂದೆ ಹೋದರೂ ಅವನು ಅಲ್ಲೇ. ನನಗಂತೂ ಸಾಕುಸಾಕಾಗಿದೆ. ನಾಳೆಯಿಂದ ಅವನನ್ನು ಹೊರಗೆ ಕೂರಿಸುತ್ತೇನೆ."

ಆ ವಾರದಲ್ಲಿ ಅದು ಮೂರನೆಯ ದೂರು. ಗುರುಗಳು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟು, "ಕೂತುಕೋ. ಹೇಳಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡ" ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಅರವತ್ತು ಜನರ ವಾದ್ಯವೃಂದವಿತ್ತು. ಒಂದು ಕಛೇರಿಗೆಂದು ಹೊರಗಿನಿಂದ ಒಬ್ಬ ನಿರ್ದೇಶಕನನ್ನು ಕರೆಸಿದರು. ಎದುರಿಗೆ ನಿಂತು ಕಡ್ಡಿ ಆಡಿಸಿ ಅಷ್ಟೂ ಜನರನ್ನು ಒಂದೇ ಲಯದಲ್ಲಿ ನಡೆಸುವುದು ಅವನ ಕೆಲಸ. ಇಡೀ ವೇದಿಕೆಯಲ್ಲಿ ಸದ್ದು ಮಾಡದ ವಸ್ತು ಆ ಕಡ್ಡಿಯೊಂದೇ, ಆದರೂ ಜಂಬವೆಲ್ಲ ಅದರದೇ. ಮುಖ್ಯ ವಾದನ ಒಬ್ಬ ಹುಡುಗಿಯದು. ಅವಳದು ಚೆಲ್ಲೋ, ಕುರ್ಚಿಯಲ್ಲಿ ಕೂತು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯುವ ದೊಡ್ಡ ಪಿಟೀಲು. ದೊಡ್ಡ ಸಭೆಯ ಮುಂದೆ ನುಡಿಸಲು ಅವಳಿಗೆ ಸಿಕ್ಕ ಮೊದಲ ಅವಕಾಶ ಅದು.

ತಾಲೀಮು ಶುರುವಾಯಿತು. ಒಂದು ಕಡೆ ಕೊಳಲಿನ ಉದ್ದನೆಯ ನುಡಿ ಮುಗಿದ ಮೇಲೆ ಹುಡುಗಿ ಒಬ್ಬಳೇ ನಾಲ್ಕು ಎಣಿಕೆ ಒಂದು ಸ್ವರ ಹಿಡಿಯಬೇಕು, ಆಮೇಲೆ ಕೊಳಲು ಮತ್ತೆ ಅವಳ ಜೊತೆ ಸೇರಬೇಕು. ಅವಳು ಐದು ಎಣಿಕೆ ಹಿಡಿದಳು. ನಿರ್ದೇಶಕ ನಿಲ್ಲಿಸಿ ತಿದ್ದಿದ. ಮತ್ತೆ ಐದು. ಇನ್ನೊಮ್ಮೆ ತಿದ್ದಿದ. ಆಗಲೂ ಐದೇ.

"ನಾಲ್ಕರ ತನಕ ಎಣಿಸಲು ಬರುವುದಿಲ್ಲವೇನಮ್ಮಾ ನಿನಗೆ?"

"ತಪ್ಪು ನನ್ನದೇ ಸರ್."

ಒಪ್ಪಿಕೊಂಡಳು, ಆದರೆ ತಿದ್ದಿಕೊಳ್ಳಲಿಲ್ಲ. ಮೂರು ದಿನ ಇದೇ ಹಾಡು. ನಿರ್ದೇಶಕನಿಗೆ ತಲೆ ಚಿಟ್ಟು ಹಿಡಿದುಹೋಯಿತು. ನಾಳೆಯೂ ಹೀಗೇ ಆದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂದು ಎಲ್ಲರೆದುರಿಗೇ ಹೇಳಿಬಿಟ್ಟ. ಹುಡುಗಿಯ ಕಣ್ಣು ತುಂಬಿತು. ಕಮಾನು ಒರೆಸಿಟ್ಟು ಎದ್ದುಹೋದಳು.

ಮಾರನೆಯ ದಿನ ನಿರ್ದೇಶಕ ಕಡ್ಡಿಯನ್ನು ಅಲ್ಲೇ ಬಿಸಾಕಿ ಪೀಠದಿಂದ ಇಳಿದ. ಅವಳ ಕಿವಿಯ ಹತ್ತಿರವೇ ತಾಳ ಹಾಕಿ ನಾಲ್ಕು ಅಂದರೆ ಎಷ್ಟು ಎಂದು ಕಲಿಸುತ್ತೇನೆ ಎಂದುಕೊಂಡು ಕುರ್ಚಿಯ ಪಕ್ಕದಲ್ಲಿ ನಿಂತ. ಆ ಜಾಗ ಬಂತು. ಒಂದು, ಎರಡು, ಮೂರು. ಮೂರಕ್ಕೆ ಅವನ ಕೈ ನಿಂತಿತು.

ಅವಳ ಬೆನ್ನ ಹಿಂದೆ ಕೊಳಲಿನ ಮುದುಕ ಏದುಸಿರು ಬಿಡುತ್ತಿದ್ದ. ಎದೆಯಲ್ಲಿ ಗೊರಗೊರ ಸದ್ದು. ಪೀಠದ ಮೇಲೆ ನಿಂತವನಿಗೆ ಅದು ಕೇಳುತ್ತಿರಲಿಲ್ಲ. ಹುಡುಗಿ ಕಮಾನು ಎಳೆಯುತ್ತಲೇ ಇದ್ದಳು. ಮುದುಕನ ಉಸಿರು ಒಂದು ಹದಕ್ಕೆ ಬಂದು ಕೊಳಲು ತುಟಿಗೆ ಏರಿದ ಮೇಲೆಯೇ ಆ ಸ್ವರ ಬಿಟ್ಟಳು. ಗೊತ್ತಾದರೆ ಮುದುಕನನ್ನು ಮನೆಗೆ ಕಳಿಸುತ್ತಾರೆಂದು ಅಷ್ಟೂ ದಿನ ಬೈಗುಳವನ್ನೆಲ್ಲ ತಾನೇ ತಿಂದಿದ್ದಳು.

ನಿರ್ದೇಶಕ ಹೋಗಿ ಕಡ್ಡಿ ಎತ್ತಿಕೊಂಡ. ಕಛೇರಿಯ ದಿನ ಅದೇ ಹುಡುಗಿ ನುಡಿಸಿದಳು. ಆ ಜಾಗದಲ್ಲಿ ಅವನ ಕೈಯೂ ಐದು ಎಣಿಸಿತು.

ಗುರುಗಳು ಕತೆ ಮುಗಿಸಿದರು. ಮಹಾಂತನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಕತೆಯೇನೋ ಚೆನ್ನಾಗಿದೆ ಬುದ್ಧಿ. ಆದರೆ ಈರಣ್ಣನದು ಬರೀ ಹಟ" ಎಂದ.

ಗುರುಗಳು ಪುಸ್ತಕ ಮತ್ತೆ ಕೈಗೆತ್ತಿಕೊಂಡು ಕೇಳಿದರು: "ಈರಣ್ಣನ ಪಕ್ಕದಲ್ಲಿ ದಿನಾ ಯಾರು ಕೂರುತ್ತಾರೆ?"

ಮಹಾಂತನಿಗೆ ಗೊತ್ತಿರಲಿಲ್ಲ.