ನವಿಲಿನ ಮರಿಮನೆ

ಅತ್ತಿಹಣ್ಣಿನ ಸುಗ್ಗಿಯಲ್ಲಿ ಕಾಡಿನ ತಾಯಂದಿರೆಲ್ಲ ಮೇವಿಗೆ ಹೊರಟಾಗ, ಅವರ ಮರಿಗಳನ್ನು ನೋಡಿಕೊಳ್ಳಲು ನವಿಲೊಂದು ಮರಿಮನೆ ತೆರೆಯಿತು. ನೂಕುನುಗ್ಗಲು ಹೆಚ್ಚಿ, ಒಂದು ಹಣ್ಣಿದ್ದ ಕೂಲಿ ಹತ್ತಕ್ಕೇರಿತು. ಕೊನೆಯ ಜಾಗ ಸಿಕ್ಕಿದ ಅಳಿಲು ಕುಣಿಯುತ್ತ ಮರಿಯನ್ನು ಕರೆತಂದಿತು.

"ಇಲ್ಲಿ ಎಷ್ಟು ಮರಿಗಳಿವೆ, ಸ್ವಾಮಿ?"

"ನಲವತ್ತು."

"ನೋಡಿಕೊಳ್ಳುವವರು?"

"ನಾನೊಬ್ಬನೇ. ನನ್ನ ಗರಿಗಳನ್ನು ನೋಡಿದೆಯಾ?"

ಅಷ್ಟರಲ್ಲಿ ಗಿಡುಗವೊಂದು ಎರಗಿತು. ನವಿಲು ತಟ್ಟನೆ ಮರವೇರಿತು. ಪಕ್ಕದ ಪೊದೆಯಿಂದ ಏಳು ಹರಟೆಮಲ್ಲ ಹಕ್ಕಿಗಳು ಕಿರುಚುತ್ತ ಹಾರಿಬಂದು ಗಿಡುಗವನ್ನು ಅಟ್ಟಿದವು. ಮರಿಗಳೆಲ್ಲ ಉಳಿದವು.

"ಇನ್ನು ಮರಿಗಳನ್ನು ನಿಮ್ಮಲ್ಲೇ ಬಿಡೋಣವೇ?" ಅಳಿಲು ಏದುಸಿರಿನಲ್ಲೇ ಆ ಹಕ್ಕಿಗಳನ್ನು ಕೇಳಿತು.

"ಏಳು ಜನಕ್ಕೆ ನಲವತ್ತು ಹೆಚ್ಚಾಯಿತು, ತಾಯಿ," ಎಂದಿತು ಹಿರಿಯ ಹಕ್ಕಿ. "ನೀವು ತಾಯಂದಿರೂ ಸರದಿಯಂತೆ ಒಂದೊಂದು ದಿನ ನಿಂತರೆ ಆದೀತು."

"ಹಾಗಾದರೆ ಇವತ್ತಿನ ಸರದಿ ನನ್ನದು!" ಎಂದು ಅಳಿಲು ಹಾರಿ, ಅಳುತ್ತಿದ್ದ ಮೊಲದ ಮರಿಯನ್ನು ತಬ್ಬಿಕೊಂಡಿತು.