ಪೆಟ್ಟಿಗೆಯ ಹಳದಿ ದೀಪ

“ಬುದ್ಧಿ, ‘ಗೊತ್ತಿಲ್ಲ’ ಅಂದವನಿಗೆ ಈ ಮಠದಲ್ಲಿ ಜಾಗ ಇದೆಯೇ?”

ಮಠದ ಕಿರಿಯ ಸ್ವಾಮಿ ಶಿವಮಲ್ಲು ಗುರುಗಳನ್ನು ಹೀಗೆ ಕೇಳುವಾಗ ಅವನ ಬಟ್ಟೆಯ ಗಂಟು ಬಾಗಿಲ ಬಳಿ ಇತ್ತು. ಹಿಂದಿನ ದಿನ ಗುರುಗಳ ಬದಲಿಗೆ ಅವನು ಪಕ್ಕದೂರಿಗೆ ಪ್ರವಚನಕ್ಕೆ ಹೋಗಿದ್ದ. ಮಾತು ಮುಗಿದ ಮೇಲೆ, ಮಗುವನ್ನು ಕಳೆದುಕೊಂಡ ಒಬ್ಬ ತಾಯಿ ಎದ್ದು ನಿಂತಳು. “ನನ್ ಮಗೀಗೆ ಇನ್ನೂ ಹಾಲು ಹಲ್ಲೇ ಉದುರಿರ್ಲಿಲ್ಲ ಬುದ್ಧಿ, ಅದ್ಯಾಕೆ ನನ್ನ ಬುಟ್ಟು ಹೋಯ್ತು?” ಎಂದು ಕೇಳಿದಳು. ತುಂಬಿದ ಸಭೆಯಲ್ಲಿ ಶಿವಮಲ್ಲು, “ನನಗೆ ಗೊತ್ತಿಲ್ಲ ತಾಯಿ” ಎಂದುಬಿಟ್ಟ. ಊರಿನ ಯಜಮಾನರು ನಕ್ಕರು. “ಇಷ್ಟು ಹೇಳೋಕೆ ಮಠದ ಅನ್ನ ತಿನ್ನಬೇಕಿತ್ತಾ?” ಎಂದು ಒಬ್ಬರು ಎಲ್ಲರಿಗೂ ಕೇಳುವಂತೆಯೇ ಅಂದರು. ಅವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಕಾವಿ ಬಿಟ್ಟು ಊರಿಗೆ ಹೋಗುವುದೇ ಸರಿ ಎಂದು ಗಂಟು ಕಟ್ಟಿದ್ದ.

“ಹೋಗುವವನನ್ನು ಹಿಡಿದುಕೊಂಡವರು ಯಾರು?” ಎಂದು ಗುರುಗಳು ಗದರಿದರು. “ಒಂದು ಕತೆ ಕೇಳಿ ಹೋಗು. ಬಸ್ಸಿನ ಕತೆ. ಮಠದವರಿಗೆ ಬಸ್ಸಿನ ಉಸಾಬರಿ ಯಾಕೆ ಅನ್ನಬೇಡ, ನಾನೂ ಬಸ್ಸಿನಲ್ಲೇ ಬೆಟ್ಟ ಹತ್ತುವವನು. ಕೂತುಕೋ.”

ಶಿವಮಲ್ಲು ಕೂತ. ಗುರುಗಳು ಹೇಳಿದರು:

ಈಗಿನ ಬಸ್ಸುಗಳ ಹೊಟ್ಟೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದಕ್ಕೆ ಕಣ್ಣಿಲ್ಲ. ಪ್ರತಿ ಚಕ್ರದಿಂದಲೂ ಒಂದು ತಂತಿ ಬಂದು, ಆ ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಅದಕ್ಕೆ ಸುದ್ದಿ ಮುಟ್ಟಿಸುತ್ತದೆ. ಡ್ರೈವರ್ ಬ್ರೇಕ್ ತುಳಿದಾಗ ಯಾವುದಾದರೂ ಚಕ್ರ ತಿರುಗದೆ ಜಾರತೊಡಗಿದರೆ, ಪೆಟ್ಟಿಗೆ ಆ ಚಕ್ರದ ಬ್ರೇಕನ್ನು ಚೂರು ಸಡಿಲಿಸಿ ಮತ್ತೆ ಹಿಡಿಯುತ್ತದೆ. ಅದರ ಕಾಯಕ ಇಷ್ಟೇ.

ಇಂಥ ಪೆಟ್ಟಿಗೆಯೊಂದನ್ನು ಒಬ್ಬ ಎಂಜಿನಿಯರ್ ಮಾಡಿದ. ಬೆಟ್ಟದ ದಾರಿಯಲ್ಲಿ ಓಡುವ ಬಸ್ಸುಗಳಿಗೆ ಅದು ಹೋಗಬೇಕಿತ್ತು. ತನ್ನ ಮನೆಯಲ್ಲೇ ಮೊದಲು ನೋಡಿಬಿಡೋಣ ಎಂದು ಗೆಳೆಯರ ಮುಂದೆ ಒಂದು ತಂತಿಯನ್ನು ಕಿತ್ತ. ತಕ್ಷಣ ಪೆಟ್ಟಿಗೆ ಕೆಲಸ ನಿಲ್ಲಿಸಿ ಹಳದಿ ದೀಪ ಹೊತ್ತಿಸಿತು. “ಏನಪ್ಪಾ, ಒಂದೇ ತಂತಿಗೆ ಕೈ ಚೆಲ್ಲಿತಲ್ಲ!” ಎಂದು ಗೆಳೆಯರು ನಕ್ಕರು.

ಅವನಿಗೆ ಅವಮಾನವಾಯಿತು. ಆ ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆದು ಹೊಸದೊಂದನ್ನು ಮಾಡಿದ. ಸುದ್ದಿ ಬಾರದಿದ್ದರೆ ದೀಪ ಹೊತ್ತಿಸಬೇಡ, ಕೊನೆಗೆ ಬಂದ ಸುದ್ದಿಯನ್ನೇ ಹಿಡಿದುಕೊಂಡು ನಡೆಸು ಎಂದು ಅದಕ್ಕೆ ಕಲಿಸಿದ. ಅವನನ್ನು ಬೈದು ಏನು ಬಂತು? ಪರವೂರಿನವರು ದಾರಿ ಕೇಳಿದರೆ ಗೊತ್ತಿಲ್ಲ ಅನ್ನಲು ನಮಗೇ ನಾಲಿಗೆ ಏಳುವುದಿಲ್ಲ, ‘ಹಿಂಗೇ ಸೀದಾ ಹೋಗಿ’ ಅಂದುಬಿಡುತ್ತೇವೆ.

ಹೊಸ ಪೆಟ್ಟಿಗೆಯನ್ನು ಪರೀಕ್ಷೆ ಮಾಡುವವಳ ಹತ್ತಿರ ತಂದ. ಆಕೆಯ ಕೋಣೆಯಲ್ಲಿ ಬಸ್ಸೂ ಇರಲಿಲ್ಲ, ಬೆಟ್ಟವೂ ಇರಲಿಲ್ಲ. ಒಂದು ಕಂಪ್ಯೂಟರ್ ಚಕ್ರಗಳ ಪರವಾಗಿ ಪೆಟ್ಟಿಗೆಗೆ ಸುದ್ದಿ ಕಳಿಸುತ್ತಿತ್ತು. ಪೆಟ್ಟಿಗೆ ತಾನು ಬೆಟ್ಟ ಇಳಿಯುತ್ತಿದ್ದೇನೆ ಎಂದೇ ನಂಬಿ ಕೆಲಸ ಮಾಡುತ್ತಿತ್ತು. ಅದು ಮಾಡಿದ್ದಕ್ಕೆ ತಕ್ಕಂತೆ ಪರದೆಯ ಮೇಲೆ ಒಂದು ಚಿತ್ರದ ಬಸ್ಸು ಓಡುತ್ತಿತ್ತು.

ಆಕೆ ಒಂದು ಚಕ್ರದ ತಂತಿಯನ್ನು ಬೇಕೆಂದೇ ಕಿತ್ತಳು. ದೀಪ ಹೊತ್ತಲಿಲ್ಲ. “ನೋಡಿದ್ರಾ ಮೇಡಂ, ಜಗ್ಗಲೇ ಇಲ್ಲ!” ಎಂದು ಅವನು ಹಿಗ್ಗಿದ.

“ಇರಿ, ಈಗ ಬ್ರೇಕ್ ಹಾಕ್ತೀನಿ” ಎಂದಳು ಆಕೆ.

ಬ್ರೇಕ್ ಬಿದ್ದಾಗ ಉಳಿದ ಚಕ್ರಗಳು ನಿಧಾನವಾದವು. ತಂತಿ ಕಿತ್ತ ಚಕ್ರ ಮಾತ್ರ ಮೊದಲಿನ ವೇಗದಲ್ಲೇ ಇದೆ ಎಂದು ಪೆಟ್ಟಿಗೆ ನಂಬಿತ್ತು. ಆದ್ದರಿಂದ ನಿಧಾನವಾದ ಚಕ್ರಗಳೆಲ್ಲ ಜಾರುತ್ತಿವೆ ಎಂದು ತಿಳಿದು ಅವುಗಳ ಬ್ರೇಕನ್ನು ಸಡಿಲಿಸಿತು. ಎಷ್ಟು ಒತ್ತಿದರೂ ಅದು ಬಿಡುತ್ತಲೇ ಹೋಯಿತು. ಚಿತ್ರದ ಬಸ್ಸು ತಿರುವಿನಲ್ಲಿ ಪ್ರಪಾತಕ್ಕೆ ಉರುಳಿತು.

ನಿಜವಾದ ಬಸ್ಸಿನಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಕೂರುವ ಜನ ಎಂಜಿನಿಯರನ ಕಣ್ಣ ಮುಂದೆ ಬಂದರು. ಸದ್ಯ, ಬಿದ್ದದ್ದು ಚಿತ್ರದ ಬಸ್ಸು. ಅವನು ಮನೆಗೆ ಓಡಿ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಧೂಳು ಒರೆಸಿ ತಂದ. “ಇದು ಸೋತ ಪೆಟ್ಟಿಗೆ ಮೇಡಂ. ಆದರೂ ಒಮ್ಮೆ ನೋಡಿ” ಎಂದು ತಲೆ ತಗ್ಗಿಸಿ ನಿಂತ.

ಆಕೆ ಮತ್ತೆ ತಂತಿ ಕಿತ್ತಳು. ಹಳದಿ ದೀಪ ಹೊತ್ತಿತು. ಪೆಟ್ಟಿಗೆ ಬ್ರೇಕಿನ ಗೊಡವೆ ಬಿಟ್ಟು ಸುಮ್ಮನಾಯಿತು. ಆಕೆ ಬ್ರೇಕ್ ಹಾಕಿದಾಗ ಚಿತ್ರದ ಬಸ್ಸು ಸ್ವಲ್ಪ ಮುಗ್ಗರಿಸಿತು, ಆಮೇಲೆ ನಿಧಾನವಾಗಿ ರಸ್ತೆಯ ಅಂಚಿನಲ್ಲಿ ನಿಂತಿತು.

“ಇದು ಪಾಸು” ಎಂದಳು.

“ಕೆಲಸವನ್ನೇ ಬಿಟ್ಟಿತಲ್ಲ ಮೇಡಂ?”

“ಗೊತ್ತಿಲ್ಲ ಅಂತ ದೀಪ ಹಚ್ಚಿ ಸುಮ್ಮನಾಗಿದ್ದಕ್ಕೇ ಡ್ರೈವರ್ ಕಾಲಿಗೆ ಬ್ರೇಕ್ ಸಿಕ್ಕಿದ್ದು. ಇಂಥ ಬಸ್ಸಿಗೆ ನಮ್ಮಮ್ಮನನ್ನು ಧೈರ್ಯವಾಗಿ ಹತ್ತಿಸ್ತೀನಿ.”

ಗುರುಗಳು ಕತೆ ನಿಲ್ಲಿಸಿದರು. ಶಿವಮಲ್ಲು ಬಾಗಿಲ ಬಳಿಯ ಗಂಟನ್ನು ನೋಡಿದ. ಅವನ ಕಣ್ಣು ತುಂಬಿತ್ತು.

“ಆದರೂ ಬುದ್ಧಿ, ಅಷ್ಟು ದುಃಖ ಹೊತ್ತು ಬಂದ ಆ ತಾಯಿಗೆ ನನ್ನಿಂದ ಏನೂ ಸಿಗಲಿಲ್ಲವಲ್ಲ” ಎಂದ.

ಗುರುಗಳು ಎದ್ದು ಅವನ ಗಂಟನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ ಹೇಳಿದರು:

“ಆಕೆ ಬೆಳಿಗ್ಗೆಯಿಂದ ದಾಸೋಹದ ಮನೆಯಲ್ಲಿ ಕೂತಿದ್ದಾಳೆ ಮಲ್ಲು, ನನ್ನನ್ನಲ್ಲ, ‘ಗೊತ್ತಿಲ್ಲ ಅಂದ ಸ್ವಾಮಿ’ಯನ್ನು ನೋಡಬೇಕಂತೆ.”