ಸುಡದ ಬಂಡೆ

ಏಪ್ರಿಲ್ ತಿಂಗಳ ನಡುಮಧ್ಯಾಹ್ನ. ನದಿ ದಂಡೆಯ ಕರಿಬಂಡೆಯ ಮೇಲೆ ಹಾಲಪ್ಪ ಬರಿಗಾಲಲ್ಲಿ ನಿಂತಿದ್ದ.

ಕೆಳಗೆ ಹೊಂಗೆ ಮರದ ನೆರಳಲ್ಲಿ ಇಪ್ಪತ್ತು ಮೂವತ್ತು ಭಕ್ತರು ಕೈಮುಗಿದು ನೋಡುತ್ತಿದ್ದರು. ಆ ಬಂಡೆಯ ಮೇಲೆ ಚಪ್ಪಲಿ ಇಲ್ಲದೆ ಎರಡು ಹೆಜ್ಜೆ ಇಡುವುದೂ ಅವರಿಂದಾಗದ ಕೆಲಸ. ಹಾಲಪ್ಪ ಮಾತ್ರ ನೂರೆಂಟು ನಾಮ ಹೇಳಿ ಮುಗಿಸುವವರೆಗೆ ಅಲ್ಲಾಡಲಿಲ್ಲ.

ಇಳಿದು ಬಂದಾಗ ಒಬ್ಬೊಬ್ಬರಾಗಿ ಅವನ ಪಾದ ಮುಟ್ಟಿ ನಮಸ್ಕರಿಸಿದರು.

"ಆರು ತಿಂಗಳಲ್ಲಿ ಮೈ ಎಷ್ಟು ಕರಗಿದೆ ನೋಡಿ. ತಪಸ್ಸು ಅಂದ್ರೆ ಇದು," ಎಂದ ಒಬ್ಬ ಭಕ್ತ.

ಬಂಡೆ ಹಾಲಪ್ಪನಿಗೆ ನಿಜಕ್ಕೂ ಸುಟ್ಟಿರಲಿಲ್ಲ. ಹಲ್ಲು ಕಚ್ಚಿ ನೋವು ತಡೆದುಕೊಳ್ಳುವವರನ್ನು ಅವನು ಕಂಡಿದ್ದ. ತನಗೆ ನೋವೇ ಬರುತ್ತಿಲ್ಲ. ನಲವತ್ತೇಳನೇ ವಯಸ್ಸಿಗೆ, ಆಶ್ರಮ ಸೇರಿದ ಆರು ವರ್ಷಕ್ಕೆ, ಸಾಧನೆ ಕೈಗೂಡಿತು ಎಂದು ಅವನು ನಂಬಿದ್ದ.

ಇನ್ನು ಒಂದೇ ಬಾಕಿ. ಹನ್ನೊಂದು ದಿನ ಬರಿಗಾಲಲ್ಲಿ ನಡೆದು ಬೆಟ್ಟದ ಮೇಲಿನ ಮಠ ಸೇರುವುದು. ಹೊರಡುವುದು ನಾಳೆ ಬೆಳಿಗ್ಗೆ. ದಾರಿಯುದ್ದಕ್ಕೂ ಭಕ್ತರು ಊಟ, ವಸತಿ ಗೊತ್ತು ಮಾಡಿದ್ದರು. ಗುರುಗಳ ಅಪ್ಪಣೆ ಸಿಕ್ಕಿದರೆ ಆಯಿತು.

ಗುರುಗಳನ್ನು ಎಲ್ಲರೂ ಅಜ್ಜಯ್ಯ ಎನ್ನುತ್ತಿದ್ದರು. ಅವರು ಆಶ್ರಮದ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಎದುರಿಗೆ ಅಡುಗೆಯ ಚನ್ನವ್ವನಿಗೂ ಅದೇ ಕೆಲಸ.

ಹಾಲಪ್ಪ ಮೂಲೆಯಲ್ಲಿದ್ದ ಕೊಡದಿಂದ ಒಂದು ತಂಬಿಗೆ ನೀರು ಕುಡಿದ. ಇನ್ನೊಂದು ತುಂಬಿಕೊಂಡು ಬಂದು ಅಡ್ಡಬಿದ್ದ.

"ಅಜ್ಜಯ್ಯ, ನಾಳೆ ಹೊರಡ್ತೀನಿ. ಅಪ್ಪಣೆ ಕೊಡಿ."

"ಕೊಡಲ್ಲ."

ಹಾಲಪ್ಪ ತಲೆ ಎತ್ತಿದ. "ಯಾಕೆ?"

"ಕೈಯಲ್ಲಿರೋದು ಎಷ್ಟನೇ ತಂಬಿಗೆ?"

"ಬಿಸಿಲು, ಅಜ್ಜಯ್ಯ."

ಚನ್ನವ್ವ ತಲೆ ಎತ್ತದೆಯೇ ಹೇಳಿದಳು. "ಮಾಘದ ಚಳಿಯಲ್ಲೂ ಹೀಗೇ ಕುಡೀತಿದ್ರು. ಇವರೊಬ್ಬರಿಗೇ ಅಂತ ಆ ಕೊಡ ಬೇರೆ ಇಟ್ಟಿದ್ದೀನಿ. ಕುಡಿಯೋದು, ಎದ್ದು ಹೋಗೋದು. ಬೆಳಗಿನ ಧ್ಯಾನದಲ್ಲಿ ಮೂರು ಸಲ ಏಳ್ತಾರೆ. ಕೇಳಿದ್ರೆ ಏಕಾಂತಕ್ಕೆ ಹೋಗಿದ್ದೆ ಅಂತಾರೆ. ಬೇಲಿ ಹಿಂದೆ ಅದೆಂಥ ಏಕಾಂತವೋ."

ಹಾಲಪ್ಪನ ಮುಖ ಕೆಂಪಾಯಿತು. "ಚನ್ನವ್ವ, ನಿನ್ನ ಕೆಲಸ ನೀನು ನೋಡ್ಕೋ."

"ನೋಡ್ಕೋತೀನಪ್ಪ. ನಿಮ್ಮ ಕುತ್ತಿಗೆಗೆ ಸೀಗೆಪುಡಿ ಒದಗಿಸೋದೂ ನನ್ನ ಕೆಲಸವೇ ಆಗಿದೆ."

"ಕುತ್ತಿಗೆಗೆ ಯಾಕೆ ಸೀಗೆಪುಡಿ?" ಅಜ್ಜಯ್ಯ ಕೇಳಿದರು.

"ಹಿಂದುಗಡೆ ಕಪ್ಪಗೆ, ದಪ್ಪಗೆ, ಮಖಮಲ್ಲಿನ ಹಾಗೆ ಆಗಿದೆ ಅಜ್ಜಯ್ಯ. ರುದ್ರಾಕ್ಷಿ ಸರದ ಕೊಳೆ ಅಂತ ಎರಡು ವರ್ಷದಿಂದ ತಿಕ್ತಿದಾರೆ. ನನ್ನ ಪುಡಿ ಮುಗೀತು, ಕೊಳೆ ಮುಗೀಲಿಲ್ಲ."

ಅಜ್ಜಯ್ಯ ಎದ್ದು ಬಂದು ಹಾಲಪ್ಪನ ಸರ ಸರಿಸಿ ಕುತ್ತಿಗೆ ನೋಡಿದರು. ಹೆಬ್ಬೆರಳಿನಿಂದ ಉಜ್ಜಿದರು. ಬೆರಳಿಗೆ ಏನೂ ಅಂಟಲಿಲ್ಲ.

"ಸಂಜೆ ವಚನ ಓದೋದನ್ನ ಯಾಕೆ ಬಿಟ್ಟೆ?"

"ಅಕ್ಷರ ಕರಗಿ ಹೋಗ್ತವೆ ಅಜ್ಜಯ್ಯ. ಬೆಳಕು ಮಾತ್ರ ಉಳಿಯುತ್ತೆ."

ಈ ಮಾತನ್ನು ಭಕ್ತರು ಕಪ್ಪು ಹಲಗೆಯ ಮೇಲೆ ಬರೆದಿಟ್ಟಿದ್ದರು. ಅಜ್ಜಯ್ಯನ ಮುಖದಲ್ಲಿ ಮಾತ್ರ ಅದಕ್ಕೆ ಕವಡೆಯ ಬೆಲೆಯೂ ಕಾಣಲಿಲ್ಲ.

ಹಾಲಪ್ಪನ ಮೈಯೆಲ್ಲ ಉರಿದುಹೋಯಿತು. ಹೊರಗೆ ಮೂವತ್ತು ಜನ ಕಾಯುತ್ತಿದ್ದಾರೆ. ಇಲ್ಲಿ ಅಡುಗೆಯವಳ ಮುಂದೆ ನೀರಿನ ಲೆಕ್ಕ, ಕೊಳೆಯ ಲೆಕ್ಕ.

"ನಿಮಗೆ ಹೊಟ್ಟೆಕಿಚ್ಚು," ಎಂದ. "ಎಪ್ಪತ್ತೆರಡು ವರ್ಷವಾದರೂ ಆ ಬಂಡೆ ಮೇಲೆ ನಿಮಗೆ ನಿಲ್ಲೋಕಾಗಲ್ಲ. ನನಗಾಗುತ್ತೆ. ಅದು ನಿಮಗೆ ತಡೆಯೋಕಾಗ್ತಿಲ್ಲ."

ಚನ್ನವ್ವನ ಕೈ ನಿಂತಿತು.

"ಇರಬಹುದು," ಎಂದರು ಅಜ್ಜಯ್ಯ. "ಪರೀಕ್ಷೆ ಮಾಡಿಯೇ ಬಿಡೋಣ. ಕೂತ್ಕೋ. ಕಾಲು ಚಾಚು."

"ನಿಮ್ಮ ಕಡೆಗಾ?"

"ಚಾಚು ಅಂದೆ."

ಅಜ್ಜಯ್ಯ ಪೊರಕೆಯಿಂದ ಒಂದು ತೆಳು ಎಳೆ ಕಿತ್ತರು. "ಕಣ್ಣು ಮುಚ್ಚು. ಇದು ಮೈಗೆ ತಾಗಿದ ಕೂಡಲೇ ಹೂಂ ಅನ್ನು."

ಹಾಲಪ್ಪ ಕಣ್ಣು ಮುಚ್ಚಿದ. ಅಂಗೈಗೆ ಏನೋ ತಾಗಿತು.

"ಹೂಂ."

ಮೊಣಕೈಗೆ ತಾಗಿತು.

"ಹೂಂ."

"ಸರಿ. ಇನ್ನು ಕಾಲು," ಎಂದರು ಅಜ್ಜಯ್ಯ.

ಹಾಲಪ್ಪ ಕಾದ. ಹೊಳೆಯ ಸದ್ದು ಕೇಳುತ್ತಿತ್ತು. ಹೊಂಗೆ ಮರದ ಕೆಳಗೆ ಯಾರೋ ಕೆಮ್ಮಿದರು. ಅಜ್ಜಯ್ಯ ಬೇಕೆಂದೇ ತಡಮಾಡುತ್ತಿದ್ದಾರೆ ಎನ್ನಿಸಿತು.

"ಶುರು ಮಾಡಿ, ಅಜ್ಜಯ್ಯ."

ಚನ್ನವ್ವ ಉಸಿರು ಎಳೆದುಕೊಂಡದ್ದು ಕೇಳಿಸಿತು.

"ಬೇಗ ಶುರು ಮಾಡಿ. ಜನ ಕಾಯ್ತಿದಾರೆ."

"ಕಣ್ಣು ತೆಗಿ."

ಪೊರಕೆಯ ಎಳೆ ಅವನ ಕಾಲಿನ ಹೆಬ್ಬೆರಳಿಗೆ ಒತ್ತಿ ಬಿಲ್ಲಿನ ಹಾಗೆ ಬಾಗಿತ್ತು. ಹಾಲಪ್ಪ ಅದನ್ನು ಕಣ್ಣಿನಿಂದ ನೋಡಿದ. ಬೆರಳಿಗೆ ಅದು ಗೊತ್ತೇ ಇರಲಿಲ್ಲ.

"ಇದು ಒಂಬತ್ತನೇ ಸಲ," ಎಂದಳು ಚನ್ನವ್ವ. ಅವಳ ದನಿಯಲ್ಲಿ ಈಗ ಕೊಂಕು ಇರಲಿಲ್ಲ.

ಅಜ್ಜಯ್ಯ ಅವನ ಕಾಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. "ಬೇಡ, ನನಗೆ ಪಾಪ ಬರುತ್ತೆ," ಎಂದು ಹಾಲಪ್ಪ ಎಳೆದುಕೊಳ್ಳಲು ನೋಡಿದ. ಅವರು ಬಿಡಲಿಲ್ಲ. ಪಾದವನ್ನು ಬೆಳಕಿಗೆ ತಿರುಗಿಸಿದರು.

ಅಂಗಾಲಿನ ತುಂಬ ಬೊಬ್ಬೆ ಎದ್ದಿತ್ತು. ಹೆಬ್ಬೆರಳಿನ ಬುಡದಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಹಳೆಯ ಗಾಯ. ಅಂಚು ಬೆಳ್ಳಗೆ ತಿರುಗಿತ್ತು. ನಡುವೆ ಕಲ್ಲಿನ ಚೂರೊಂದು ಹೂತು ಕೂತಿತ್ತು.

"ಇದು ಯಾವಾಗ ಆದದ್ದು?"

"ಯಾವುದು?" ಎಂದ ಹಾಲಪ್ಪ.

ಅಜ್ಜಯ್ಯ ಅವನ ಕಾಲನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಹುಣಸೆಹಣ್ಣಿನ ಮೊರವನ್ನು ಎತ್ತಿ ಅಂಗಳಕ್ಕೆ ಬೀಸಿ ಒಗೆದರು.

ಆರು ವರ್ಷದಲ್ಲಿ ಅವರು ದನಿ ಎತ್ತಿದ್ದನ್ನು ಹಾಲಪ್ಪ ಕೇಳಿರಲಿಲ್ಲ.

"ನೋವು ಗೆದ್ದೆ ಅಂದ್ಕೊಂಡೆಯಾ? ಕೂಗಿ ಕೂಗಿ ಸಾಕಾಗಿ ಅದು ಎದ್ದು ಹೋಗಿದೆ. ರೋಗ ಬಾಯಾರಿಕೆಯಾಗಿ ಬಂತು, ನೀರು ಕುಡಿಸಿ ಕಳಿಸಿದೆ. ಕಣ್ಣಿಗೆ ಬಂತು, ಅದನ್ನ ಉಪದೇಶ ಮಾಡಿದೆ. ನಾಳೆ ಹೊರಟಿದ್ದರೆ ನೀನು ಮಠಕ್ಕೆ ಹೋಗ್ತಿದ್ದೆ, ಕಾಲು ಆಸ್ಪತ್ರೆಯಲ್ಲಿ ಉಳೀತಿತ್ತು."

ಸದ್ದು ಕೇಳಿ ಭಕ್ತರು ಓಡಿ ಬಂದರು. ಅಜ್ಜಯ್ಯ ಅವರ ಕಡೆ ತಿರುಗಿದರು.

"ಮೈ ಕರಗಿದೆ ಅಂತ ಹಾಡಿ ಹೊಗಳಿದಿರಲ್ಲ. ನಿಮ್ಮ ಮನೆ ಮಗ ಆರು ತಿಂಗಳಲ್ಲಿ ಹೀಗೆ ಇಳಿದುಹೋಗಿದ್ದರೆ ಅವನ ಮೇಲೆ ಹೂ ಹಾಕ್ತಿದ್ರಾ, ಡಾಕ್ಟರ ಹತ್ರ ಎಳಕೊಂಡು ಹೋಗ್ತಿದ್ರಾ?"

ಹೊಗಳಿದ್ದವನು ಜನರ ಹಿಂದೆ ಸರಿದ.

"ನಾನೇನು ಕಮ್ಮಿ? ದಿನಾ ಇವನ ತಂಬಿಗೆ ನೋಡ್ತಿದ್ದೆ. ಕೇಳಿದ್ದು ಇವತ್ತು." ಅಜ್ಜಯ್ಯ ಜಗಲಿಯಿಂದ ಇಳಿದರು. "ಕುರ್ಚಿ ತನ್ನಿ. ಇವನು ಹೆಜ್ಜೆ ಇಡಕೂಡದು."

ಇಬ್ಬರು ಅವನನ್ನು ಕುರ್ಚಿಯಲ್ಲಿ ಹೊತ್ತು ತೆಪ್ಪಕ್ಕೆ ಇಳಿಸಿದರು. ಅಜ್ಜಯ್ಯನೂ ಜೊತೆಗೆ ಹತ್ತಿದರು. ಹಾಲಪ್ಪನಿಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಪಾದ ಮುಟ್ಟಿದವರ ಮೇಲೆ, ಕೊಡ ತುಂಬಿಸಿಟ್ಟ ಚನ್ನವ್ವನ ಮೇಲೆ, ಆ ಹಾಳು ಪೊರಕೆ ಕಡ್ಡಿಯ ಮೇಲೆ.

ಆಚೆ ದಡದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಮೆಹರುನ್ನಿಸಾ ಅವನ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಯಂತ್ರಕ್ಕೆ ಹಚ್ಚಿದಳು. ಮುನ್ನೂರ ಎಪ್ಪತ್ತು.

"ಸಕ್ಕರೆ ಕಾಯಿಲೆ," ಎಂದಳು. "ಇವತ್ತು ನಿನ್ನೆಯದಲ್ಲ. ಹೋದ ವರ್ಷ ನಿಮ್ಮ ಆಶ್ರಮದಲ್ಲೇ ಕ್ಯಾಂಪ್ ಮಾಡಿದ್ವಲ್ಲ ಅಜ್ಜಯ್ಯ. ನಿಮ್ಮೆಲ್ಲರ ಕಾಲಿಗೂ ತೆಳು ಎಳೆ ಮುಟ್ಟಿಸಿ ನೋಡಿದ್ದೆ. ಇವರನ್ನ ನೋಡಿದ ನೆನಪಿಲ್ಲ."

"ಇವನು ಬಂಡೆ ಮೇಲೆ ನಿಂತಿದ್ದ," ಎಂದರು ಅಜ್ಜಯ್ಯ.

ಅವಳು ಗಾಯ ತೊಳೆದಳು. ಚಿಮುಟದಿಂದ ಕಲ್ಲಿನ ಚೂರು ತೆಗೆದಳು. ಹಾಲಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಅವನಿಗೆ ಏನೂ ಆಗಲಿಲ್ಲ. ಅದಕ್ಕೇ ಈಗ ಹೆದರಿಕೆಯಾಯಿತು.

"ಸಿಸ್ಟರ್, ಮೊದಲೇ ಗೊತ್ತಾಗ್ತಿತ್ತಾ?"

"ಕುತ್ತಿಗೆ ಕಪ್ಪಾದಾಗಲೇ ಒಂದು ಹನಿ ರಕ್ತ ಕೊಟ್ಟಿದ್ರೆ ಸಾಕಿತ್ತು. ಊಟ, ನಡಿಗೆ ಸರಿಮಾಡಿಯೇ ತಡೀಬಹುದಿತ್ತೇನೋ. ಬಾಯಾರಿಕೆ, ಪದೇಪದೇ ಏಳೋದು ಶುರುವಾದ ಮೇಲೆ ಬಂದಿದ್ರೂ ಬಹುಶಃ ಕಾಲಿನ ತನಕ ಬರ್ತಿರಲಿಲ್ಲ."

"ಕಾಲು ಉಳಿಯುತ್ತಾ?"

"ಮೂಳೆಗೆ ಇಳಿದಿಲ್ಲ ಅನ್ಸುತ್ತೆ. ನಾಲ್ಕು ಗಂಟೆಗೆ ಡಾಕ್ಟರು ಬರ್ತಾರೆ. ಅವರು ನೋಡಿ ಹೇಳ್ಬೇಕು."

ಅವಳು ಬಟ್ಟೆ ಕಟ್ಟಿ ಒಳಗೆ ಹೋದಳು. ಹೊರಗಿನ ಬೆಂಚಿನ ಮೇಲೆ ಇಬ್ಬರೇ ಉಳಿದರು. ಗೋಡೆ ಗಡಿಯಾರ ಮೂರೂಕಾಲು ತೋರಿಸುತ್ತಿತ್ತು.

"ಆರು ವರ್ಷ ಅಜ್ಜಯ್ಯ," ಎಂದ ಹಾಲಪ್ಪ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಎಲ್ಲಾ ಒಂದೇ ಮಧ್ಯಾಹ್ನಕ್ಕೆ ಸುಳ್ಳು ಮಾಡಿಬಿಟ್ರಿ. ಪಾದಯಾತ್ರೆ ಹೋಯ್ತು. ಬಂಡೆ ಹೋಯ್ತು. ಇನ್ನು ನಾನು ಏನು ಸಾಧನೆ ಮಾಡ್ಲಿ?"

ಅಜ್ಜಯ್ಯ ಅವನ ಕಡೆ ತಿರುಗಿದರು. ಅವರ ಸಿಟ್ಟೂ ಇಳಿದಿರಲಿಲ್ಲ.

"ದಿನಾ ಬೆಳಿಗ್ಗೆ ತಲೆ ಬಗ್ಗಿಸಿ ನಿನ್ನ ಎರಡೂ ಅಂಗಾಲು ನೋಡ್ಕೋ. ಊರವರೆಲ್ಲ ಆ ಪಾದಕ್ಕೆ ತಲೆ ಬಗ್ಗಿಸಿ ಆಯ್ತು. ನೀನೊಬ್ಬ ಬಾಕಿ."